ಚುಟುಕು ಮೇಸ್ತ್ರಿಯ ಮೈನೋವು

ಬಸ್ ಡಿಪೋದ ದೂರಿನ ಕಿಟಕಿಯ ಹಿಂದೆ ಕೂರುವ ಮೇಸ್ತ್ರಿಗೆ ಹೆತ್ತವರು ಇಟ್ಟ ಹೆಸರೊಂದು ಇದ್ದೇ ಇತ್ತು. ಆದರೆ ಸಂಬಳದ ದಿನ ಬಿಟ್ಟರೆ ಅದು ಯಾರ ಬಾಯಲ್ಲೂ ಬರುತ್ತಿರಲಿಲ್ಲ. ಡ್ರೈವರುಗಳಿಂದ ಹಿಡಿದು ಅಂಗಳ ಗುಡಿಸುವವರ ತನಕ ಎಲ್ಲರಿಗೂ ಅವರು ಚುಟುಕು ಮೇಸ್ತ್ರಿ. ಪಾಳಿ ಮುಗಿಸಿ ಬಂದ ಡ್ರೈವರು ಕಿಟಕಿಗೆ ಮುಖವಿಟ್ಟು, "ಏನಾಯ್ತು ಅಂದ್ರೆ ಮೇಸ್ತ್ರಿ, ಬೆಳಿಗ್ಗೆ ಸೇತುವೆ ಹತ್ರ ಬಂದಾಗ..." ಅಂತ ಶುರು ಮಾಡಿದರೆ ಸಾಕು, ಇವರು ಎರಡು ಬೆರಳೆತ್ತಿ ಕತ್ತರಿ ಆಡಿಸಿದ ಹಾಗೆ ಆಡಿಸುತ್ತಿದ್ದರು. "ಚುಟುಕಾಗಿ ಹೇಳು. ಸೇತುವೆ ಬೇಡ. ಬ್ರೇಕಾ, ಲೈಟಾ, ಇಂಜಿನ್ನಾ, ಬಾಡಿಯಾ?"

ಡಿಪೋದಲ್ಲಿ ರಿಪೇರಿಗೆ ನಾಲ್ಕು ಸೆಕ್ಷನ್ನುಗಳು. ಒಂದೊಂದಕ್ಕೂ ಒಂದೊಂದು ಬಣ್ಣದ ಚೀಟಿ. ಬ್ರೇಕಿನ ದೂರು ಬ್ರೇಕಿನ ಚೀಟಿಯಲ್ಲಿ, ಲೈಟಿನ ದೂರು ಲೈಟಿನ ಚೀಟಿಯಲ್ಲಿ. ಒಂದು ಚೀಟಿಗೆ ಒಂದೇ ದೂರು. ಇದು ಯಾವ ಮೇಲಧಿಕಾರಿಯೂ ಮಾಡಿದ ನಿಯಮವಲ್ಲ, ಮೇಸ್ತ್ರಿ ತಾವೇ ಕಷ್ಟಪಟ್ಟು ಕಲಿತದ್ದು. ಅವರು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ಡ್ರೈವರು ಬ್ರೇಕು ಜಾರುತ್ತದೆ, ದೀಪವೂ ಮಂಕು ಅಂದಿದ್ದ. ಇವರು ಎರಡನ್ನೂ ಎರಡೂ ಚೀಟಿಯಲ್ಲಿ ಬರೆದರು. ಬ್ರೇಕಿನವರು ಲೈಟಿನವರು ನೋಡಿಕೊಳ್ಳುತ್ತಾರೆ ಅಂದುಕೊಂಡರು, ಲೈಟಿನವರು ಬ್ರೇಕಿನವರ ಕಡೆ ಬೆರಳು ತೋರಿಸಿದರು, ಬಸ್ಸು ಮಾರನೆಯ ದಿನ ಹೇಗಿತ್ತೋ ಹಾಗೇ ರಸ್ತೆಗಿಳಿದು ಕಾಂಪೌಂಡು ಗೋಡೆಗೆ ಗುದ್ದಿತು. ಯಾರಿಗೂ ಏನೂ ಆಗಲಿಲ್ಲ, ಮೇಸ್ತ್ರಿಯ ಮರ್ಯಾದೆ ಮಾತ್ರ ಮೂರು ಕಾಸಿಗೆ ಹೋಯಿತು. ಅವತ್ತಿನಿಂದ ಅವರ ಪ್ರಕಾರ ಜಗತ್ತಿನ ಅರ್ಧ ಅನಾಹುತಕ್ಕೆ ಕಾರಣ ಯಾರಿಗೆ ಏನು ಹೇಳಬೇಕೋ ಅಷ್ಟನ್ನೇ ಹೇಳದೆ ಇಡೀ ಪುರಾಣ ಬಿಚ್ಚುವ ಚಟ.

ಇಂಥ ಮನುಷ್ಯನ ಬಲ ಭುಜ ನೋಯಲು ಶುರುವಾಯಿತು. ನಿವೃತ್ತಿಗೆ ಇನ್ನೊಂದೇ ವರ್ಷ ಉಳಿದಿತ್ತು. ಮೇಲಿನ ಕಪಾಟಿನಿಂದ ಚೀಟಿಗಳ ಕಟ್ಟು ತೆಗೆಯಲು ಕೈ ಎತ್ತಿದಾಗ ಯಾರೋ ಹಿಂದಿನಿಂದ ಹಿಡಿದುಕೊಂಡ ಹಾಗಾಯಿತು. ಕಿಟಕಿಯ ಗಾಳಿ ಇರಬೇಕು ಅಂದುಕೊಂಡು ಕುರ್ಚಿ ಸರಿಸಿ ಕೂತರು. ನೋವು ಕುರ್ಚಿಯ ಜೊತೆಗೇ ಸರಿಯಿತು. ಸ್ವಲ್ಪ ದಿನಕ್ಕೆ ಎಡ ಭುಜ ಹಿಡಿಯಿತು, ಆಮೇಲೆ ಸೊಂಟದ ಬುಡ, ಆಮೇಲೆ ತೊಡೆ. ಬೆಳಿಗ್ಗೆ ಎದ್ದರೆ ಮೈಯೆಲ್ಲ ಮರದ ತುಂಡು. ಮಗ್ಗುಲು ಬದಲಿಸಲು ಹೆಂಡತಿಯ ಕೈ ಬೇಕು, ಅಂಗಿಯ ತೋಳು ಹಾಕಲು ಗೋಡೆಯ ಆಸರೆ ಬೇಕು. ಮಧ್ಯಾಹ್ನದ ಹೊತ್ತಿಗೆ ಅರ್ಧಕ್ಕರ್ಧ ಸಡಿಲಾಗಿ, ಇಷ್ಟು ಹೊತ್ತು ನಾಟಕವಾಡಿದೆನೋ ಏನೋ ಅಂತ ತಮ್ಮ ಮೇಲೇ ಅನುಮಾನ ಬರುತ್ತಿತ್ತು.

ಬೇರೆ ಯಾರಾದರೂ ಆಗಿದ್ದರೆ ವಯಸ್ಸಾಯಿತು ಅಂತ ಎಣ್ಣೆ ತಿಕ್ಕಿಕೊಂಡು ಸುಮ್ಮನಾಗುತ್ತಿದ್ದರು. ಮೇಸ್ತ್ರಿಗೆ ಹಾಗೆ ಸುಮ್ಮನಾಗುವ ಭಾಗ್ಯ ಇರಲಿಲ್ಲ. ಅವರ ಅಣ್ಣ ಗೋಡೆಗೆ ಬಣ್ಣ ಹೊಡೆಯುತ್ತಿದ್ದವನು. ಅವನಿಗೂ ಮೊದಲು ನೋವು ಬಂದದ್ದು ಭುಜಕ್ಕೆ. ಬ್ರಷ್ ಹಿಡಿಯುವ ಕೈ, ನೋಯದೆ ಇರುತ್ತದಾ ಅಂತ ಎಲ್ಲರೂ ನಕ್ಕರು. ಅವನು ಮಾಲೀಶಿಗೆ ಹೋದ, ಮೂಳೆ ಡಾಕ್ಟರ ಹತ್ತಿರ ಹೋದ, ಸೂಜಿ ಚುಚ್ಚಿಸಿಕೊಂಡ, ಒಂದು ಬಾಗಿಲಿನಿಂದ ಇನ್ನೊಂದು ಬಾಗಿಲಿಗೆ ಅಲೆದ. ನೋವು ಬೆನ್ನಿಗಿಳಿಯಿತು, ಪಕ್ಕೆಗೆ ಹರಡಿತು. ಕೊನೆಗೆ ಸರಿಯಾದ ಬಾಗಿಲು ಸಿಕ್ಕಾಗ ಒಳಗಿದ್ದ ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು, "ಇಲ್ಲಿಗೆ ಮೊದಲೇ ಬರಬೇಕಿತ್ತು" ಅಂದರು. ಆ ಮಾತು ಹೇಳುವಾಗ ಮೇಸ್ತ್ರಿ ಅಣ್ಣನ ಪಕ್ಕದಲ್ಲೇ ನಿಂತಿದ್ದರು. ಅಣ್ಣ ಉಳಿಯಲಿಲ್ಲ. ಕಾಯಿಲೆಯ ಹೆಸರನ್ನು ಅವರು ಇವತ್ತಿಗೂ ಬಾಯಿಬಿಟ್ಟು ಹೇಳುವುದಿಲ್ಲ, "ಅಣ್ಣನಿಗೆ ಬಂದದ್ದು" ಅನ್ನುತ್ತಾರೆ.

ಹಾಗಾಗಿ ಮೇಸ್ತ್ರಿಯ ತಲೆಯಲ್ಲಿ ಕೂತದ್ದು ಒಂದೇ ಭಯ. ನೋವಿಗಿಂತ ದೊಡ್ಡದಾಗಿ, ಹಗಲೂ ಇರುಳೂ ಕೊರೆಯುವ ಭಯ. ಸರಿಯಾದ ಬಾಗಿಲು ಯಾವುದು? ಅದು ಸಿಗುವಷ್ಟರಲ್ಲಿ ಹೊತ್ತು ಮೀರಿಬಿಟ್ಟರೆ?

ಡಿಪೋದಲ್ಲಿ ಸಲಹೆಗೇನೂ ಬರ ಇರಲಿಲ್ಲ. ಕ್ಯಾಂಟೀನಿನಲ್ಲಿ ಒಮ್ಮೆ "ಅಮ್ಮಾ" ಅಂದರೆ ಸಾಕು, ಮೂರು ಜನ ಮೂರು ಡಾಕ್ಟರ ವಿಳಾಸ ಹೇಳುತ್ತಿದ್ದರು. ಬ್ರೇಕ್ ಸೆಕ್ಷನ್ನಿನ ಗಡ್ಡದ ಫಿಟ್ಟರ್ ಮೇಸ್ತ್ರಿಯ ಹಳೆಯ ಗೆಳೆಯ. ಅವನಿಗೆ ತನ್ನ ಮೈಯಲ್ಲಿ ಯಾವ ಕಾಯಿಲೆಯೂ ಇಲ್ಲದೆ ಇದ್ದರೂ ಊರಿನ ಎಲ್ಲ ಆಸ್ಪತ್ರೆಗಳ ಮೆಟ್ಟಿಲೂ ಗೊತ್ತು.

"ಭುಜ ಅಂದ್ರೆ ಮೂಳೆ ಡಾಕ್ಟ್ರು. ಅದರಲ್ಲಿ ಯೋಚನೆ ಏನಿದೆ?" ಅಂದ ಫಿಟ್ಟರ್.

"ಕೈ ಜುಮ್ ಅಂದ್ರೆ?"

"ಜುಮ್ ಅಂದ್ರೆ ನರ."

"ಎರಡೂ ಇದ್ದರೆ?"

ಫಿಟ್ಟರ್ ಗಡ್ಡ ಕೆರೆದುಕೊಂಡು, "ಎರಡೂ ಇದ್ದರೆ ಎರಡು ಚೀಟಿ. ನೀನೇ ಹೇಳಿಕೊಟ್ಟದ್ದಲ್ವಾ?" ಅಂದ. ಸುತ್ತ ಇದ್ದವರು ನಕ್ಕರು. ಮೇಸ್ತ್ರಿ ನಗಲಿಲ್ಲ. ಅವರಿಗೆ ಅದು ತಮಾಷೆಯಾಗಿ ಕೇಳಿಸಲೇ ಇಲ್ಲ, ದಾರಿ ಸಿಕ್ಕಿದ ಹಾಗೆ ಕೇಳಿಸಿತು.

ಮೇಸ್ತ್ರಿಯ ಹೆಂಡತಿ ಶಿಶುವಿಹಾರದಲ್ಲಿ ಟೀಚರ್. ಬೀದಿಯಲ್ಲಿ ಎಲ್ಲರೂ ಅವರನ್ನು ಟೀಚರ್ ಅನ್ನುತ್ತಿದ್ದುದರಿಂದ ಮನೆಯಲ್ಲಿ ಮೇಸ್ತ್ರಿಯೂ ಹಾಗೇ ಕರೆಯುತ್ತಿದ್ದರು. ಎಲ್ಲಿ ನೋವು ಅಂತ ಹೇಳಲು ಬಾರದ ಮಕ್ಕಳನ್ನು ಇಡೀ ದಿನ ನೋಡಿಕೊಳ್ಳುವ ಕೆಲಸ ಅವರದು. ಅಳುವ ಮಗು ಯಾವ ಕಿವಿ ಹಿಡಿದುಕೊಂಡಿದೆ, ಯಾವ ಕಾಲು ಊರುತ್ತಿಲ್ಲ, ಇದನ್ನೆಲ್ಲ ನೋಡಿಯೇ ಅವರಿಗೆ ಅರ್ಥವಾಗಬೇಕು. ಗಂಡನನ್ನೂ ಅವರು ಹಾಗೆ ನೋಡತೊಡಗಿದ್ದರು. ಮೇಸ್ತ್ರಿಗೆ ಅದು ಕಿರಿಕಿರಿ.

ಮೊದಲು ಮೂಳೆ ಡಾಕ್ಟರ ಹತ್ತಿರ ಹೋದದ್ದು ಇಬ್ಬರೂ ಸೇರಿಯೇ. ಆಸ್ಪತ್ರೆಯ ಬಾಗಿಲಲ್ಲಿ ದೊಡ್ಡ ಬೋರ್ಡು. ಭುಜ ಮತ್ತು ಮೊಣಕಾಲಿಗೆ ಒಬ್ಬರು, ಬೆನ್ನು ಮತ್ತು ಸೊಂಟಕ್ಕೆ ಇನ್ನೊಬ್ಬರು, ಬರೀ ಕೈಬೆರಳುಗಳಿಗೇ ಮತ್ತೊಬ್ಬರು. ಮೇಸ್ತ್ರಿಗೆ ಬೋರ್ಡು ನೋಡಿ ಒಂದು ಕ್ಷಣ ಮನಸ್ಸು ಹಗುರವಾಯಿತು. ಡಿಪೋದ ಹಾಗೇ ಇದೆ, ಇವರೆಲ್ಲ ಕೆಲಸ ತಿಳಿದವರು ಅನ್ನಿಸಿತು. ಭುಜದವರನ್ನು ಆರಿಸಿದರು.

"ಏನು ತೊಂದರೆ?" ಡಾಕ್ಟರು ಕೇಳಿದರು.

"ಭುಜ. ಎರಡೂ. ಕೈ ಮೇಲೆ ಎತ್ತೋಕಾಗಲ್ಲ."

"ಇವರಿಗೆ ಬೆಳಿಗ್ಗೆ ಹಾಸಿಗೆಯಿಂದ ಏಳೋಕೇ..." ಅಂತ ಟೀಚರ್ ಬಾಯಿ ತೆರೆದರು. ಮೇಜಿನ ಕೆಳಗೆ ಮೇಸ್ತ್ರಿಯ ಚಪ್ಪಲಿ ಅವರ ಕಾಲಬೆರಳನ್ನು ಒತ್ತಿತು. ಟೀಚರ್ ಮಾತು ನುಂಗಿಕೊಂಡರು. ಡಾಕ್ಟರು ಕೈ ತಿರುಗಿಸಿ ನೋಡಿದರು, ಎಕ್ಸ್‌ರೇ ತೆಗೆಸಿದರು, ಕೀಲು ವಯಸ್ಸಿಗೆ ತಕ್ಕಂತೆ ಸವೆದಿದೆ ಅಂದರು, ವ್ಯಾಯಾಮ ಹೇಳಿಕೊಟ್ಟು ಮಾತ್ರೆ ಬರೆದರು. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಕೀಲು ಸವೆದೇ ಇತ್ತು.

ಹೊರಗೆ ಬಂದಮೇಲೆ ಮೇಸ್ತ್ರಿ ರೇಗಿದರು. "ಹಾಸಿಗೆಯಿಂದ ಏಳೋದು ಸೊಂಟದ ವಿಚಾರ. ಅದು ಇವರ ಸೆಕ್ಷನ್ನಾ? ಸಲ್ಲದ ಮಾತೆಲ್ಲ ಸುರಿದರೆ ಅವರು ಭುಜ ನೋಡೋದು ಬಿಟ್ಟು ಬೇರೆ ಎಲ್ಲೋ ಹೋಗ್ತಾರೆ. ಆಮೇಲೆ ಅದೂ ಇಲ್ಲ ಇದೂ ಇಲ್ಲ."

"ಸೊಂಟ ಬೇರೆಯವರದಾ? ಭುಜಾನೂ ನಿಮ್ದೇ, ಸೊಂಟಾನೂ ನಿಮ್ದೇ ಅಲ್ವಾ?" ಅಂದರು ಟೀಚರ್.

"ನೀನು ಸುಮ್ನಿರು."

ಟೀಚರ್ ಸುಮ್ಮನಾದರು. ಸುಮ್ಮನಾಗುವುದು ಅವರ ಸ್ವಭಾವವಲ್ಲ. ಆದರೆ ಗಂಡನ ಮುಖದಲ್ಲಿ ಸಿಟ್ಟಿನ ಹಿಂದೆ ಇದ್ದ ಹೆದರಿಕೆ ಅವರಿಗೆ ಕಂಡಿತ್ತು. ಹೆದರಿದ ಮನುಷ್ಯನ ಜೊತೆ ರಸ್ತೆಯಲ್ಲಿ ವಾದ ಮಾಡುವುದು ಬೇಡ ಅಂತ ಬಿಟ್ಟರು.

ವ್ಯಾಯಾಮದಿಂದ ನೋವು ಕಡಿಮೆಯಾಗುವ ಬದಲು ಹೊಸ ಜಾಗ ಹುಡುಕಿಕೊಂಡಿತು. ತಲೆ ಬಾಚಲು ಹಣಿಗೆ ಇಟ್ಟರೆ ಬಲಗಡೆಯ ಕಣತಲೆಯ ಮೇಲೆ, ಕೂದಲಿನ ಬುಡದಲ್ಲಿ, ಮುಟ್ಟಿದರೆ ಚುರುಕ್ಕನ್ನುವಷ್ಟು ನೋವು. ದಿಂಬಿಗೆ ತಲೆ ಆ ಕಡೆ ಕೊಟ್ಟು ಮಲಗಲು ಆಗುತ್ತಿರಲಿಲ್ಲ. ಇದು ನರ ಅಂತ ತೀರ್ಮಾನಿಸಿ ಮೇಸ್ತ್ರಿ ನರದ ಡಾಕ್ಟರ ಹತ್ತಿರ ಒಬ್ಬರೇ ಹೋದರು. ಹೆಂಡತಿ ಬಂದರೆ ಭುಜದ ಮಾತೆತ್ತುತ್ತಾಳೆ ಅನ್ನುವ ಭಯ. "ತಲೆನೋವು, ಬಲಗಡೆ" ಅಂದರು. ಅಷ್ಟೇ. ಡಾಕ್ಟರು ನಿದ್ದೆ ಹೇಗಿದೆ ಅಂತ ಕೇಳಿದರು. ನಿದ್ದೆ ಎಲ್ಲಿ ಬರುತ್ತದೆ? ಬರುವುದಿಲ್ಲ ಅಂದರು. ಡಾಕ್ಟರು ಕೆಲಸದಲ್ಲಿ ಒತ್ತಡ ಇದೆಯಾ ಅಂದರು. ಇದೆ ಅಂದರು. ಒತ್ತಡದ ತಲೆನೋವು ಅಂತ ಮಾತ್ರೆ ಬಂತು, ಗುರುವಾರ ಮತ್ತೆ ಬನ್ನಿ ಅಂದರು.

ಅಷ್ಟು ಹೊತ್ತಿಗೆ ಊಟಕ್ಕೆ ಕೂತರೆ ದವಡೆ ಸೋಲತೊಡಗಿತ್ತು. ಎರಡು ತುತ್ತು ಅಗಿಯುವಷ್ಟರಲ್ಲಿ ದವಡೆ ಮೈಲುಗಟ್ಟಲೆ ನಡೆದ ಕಾಲಿನಂತೆ ನೋಯುತ್ತಿತ್ತು, ಸ್ವಲ್ಪ ನಿಲ್ಲಿಸಿದರೆ ಸರಿಹೋಗುತ್ತಿತ್ತು. ಮೇಸ್ತ್ರಿ ಹಲ್ಲಿನ ಡಾಕ್ಟರ ಹತ್ತಿರ ಹೋದರು. ಅಲ್ಲಿ ನಿಜವಾಗಿಯೂ ಒಂದು ಹಲ್ಲು ಹುಳುಕಾಗಿತ್ತು. ಹುಡುಕಿದರೆ ಯಾರ ಬಾಯಲ್ಲಿ ತಾನೇ ಇರುವುದಿಲ್ಲ? ಅದನ್ನು ಕೊರೆದು ತುಂಬಿಸಿದರು. ಮೇಸ್ತ್ರಿ ಬಾಯಿ ಮರಗಟ್ಟಿಸಿಕೊಂಡು ಮನೆಗೆ ಬಂದು, ಒಂದು ಸೆಕ್ಷನ್ ಮುಗಿಯಿತು ಅನ್ನುವ ಹಾಗೆ ಕೈ ಆಡಿಸಿದರು.

ಒಳಗೊಳಗೆ ಮಾತ್ರ ಜೀವ ಕೈಯಲ್ಲಿ ಹಿಡಿದುಕೊಂಡೇ ಓಡಾಡುತ್ತಿದ್ದರು. ನೋವು ಹರಡುತ್ತಿದೆ. ಅಣ್ಣನದೂ ಹರಡಿತ್ತು. ಬಸ್ಸುಗಳ ನಡುವೆ ನಡೆಯುವಾಗ ಇದ್ದಕ್ಕಿದ್ದಂತೆ ನಿಂತು ತಮ್ಮ ಪಕ್ಕೆಯನ್ನು ಒತ್ತಿ ನೋಡುತ್ತಿದ್ದರು, ಅಲ್ಲಿಗೂ ಬಂತಾ ಅಂತ. ಮೈ ಇಳಿದು ಬೆಲ್ಟಿಗೆ ಮೊಳೆಯಿಂದ ಹೊಸ ತೂತು ಹೊಡೆಯಬೇಕಾಗಿ ಬಂತು. ತೂತನ್ನು ಯಾರಿಗೂ ಕಾಣದ ಹಾಗೆ ಅಂಗಿಯ ಕೆಳಗೆ ಮುಚ್ಚಿದರು. ಊರಾಚೆ ಅಣ್ಣ ಕೊನೆಗೆ ಹೋದ ಆಸ್ಪತ್ರೆ ಇತ್ತು. ಅದರ ಮುಂದೆ ಹಾದುಹೋಗುವ ಬಸ್ಸಿನ ನಂಬರು ಕಿಟಕಿಯಲ್ಲಿ ಕಂಡರೂ ಚೀಟಿಯ ಕಡೆ ಕಣ್ಣು ಇಳಿಸುತ್ತಿದ್ದರು. ಅಲ್ಲಿಗೇ ನೇರವಾಗಿ ಹೋಗಿಬಿಡಲೇ? ಹೋದರೆ ಅದೇ ಅಂತ ಆಗಿಬಿಡುತ್ತದಲ್ಲ. ಹೋಗದೆ ಇದ್ದು ಅದೇ ಆಗಿದ್ದರೆ? ಈ ಎರಡರ ನಡುವೆ ಬಾಲ ಸುಟ್ಟ ಬೆಕ್ಕಿನ ಹಾಗೆ ಅವರ ಮನಸ್ಸು ಸುತ್ತಿದ್ದೇ ಸುತ್ತಿದ್ದು.

ಶನಿವಾರ ಬೆಳಿಗ್ಗೆ ಕಿಟಕಿಯಲ್ಲಿ ಕೂತು ಚೀಟಿ ಬರೆಯುತ್ತಿದ್ದಾಗ ಬಲಗಣ್ಣಿನ ಮುಂದೆ ಮೇಲಿನಿಂದ ಒಂದು ಕಪ್ಪು ಇಳಿಯಿತು. ಅಂಗಡಿಯ ಬಾಗಿಲು ಎಳೆದ ಹಾಗೆ, ಸದ್ದಿಲ್ಲದೆ. ಎದುರಿಗೆ ನಿಂತ ಡ್ರೈವರಿನ ಅರ್ಧ ಮುಖ ಹೋಯಿತು. ಅಂಗಳದಲ್ಲಿ ಬಸ್ಸೊಂದು ಹಿಂದಕ್ಕೆ ಬಂದು ತಿರುಗುವಷ್ಟು ಹೊತ್ತು ಹಾಗೇ ಇದ್ದು, ಕಪ್ಪು ಮತ್ತೆ ಮೇಲೆ ಸರಿಯಿತು. ಡ್ರೈವರು ಇನ್ನೂ ಹೇಳುತ್ತಲೇ ಇದ್ದ. ಮೇಸ್ತ್ರಿ ಕತ್ತರಿ ಆಡಿಸುವುದನ್ನೇ ಮರೆತಿದ್ದರು.

ಮನೆಗೆ ಬಂದು ಟೀಚರಿಗೆ ಹೇಳಿದರು. ಟೀಚರ್ ಒಗೆದ ಬಟ್ಟೆ ಹಿಡಿದುಕೊಂಡೇ ಎದ್ದು ನಿಂತರು. "ನಡೀರಿ, ಈಗಲೇ ಹೋಗೋಣ. ದೊಡ್ಡಾಸ್ಪತ್ರೆ ಎಮರ್ಜೆನ್ಸಿಗೆ ಹೋಗೋಣ."

"ಅಲ್ಲಿ ಹೋಗಿ ಏನಂತ ಹೇಳೋದು? ಈಗ ಸರಿಯಾಗೇ ಕಾಣ್ತಿದೆ. ಓಡ್ತಾ ಇರೋ ಬಸ್ಸು ತಂದು ನಿಲ್ಲಿಸಿ ಕೆಟ್ಟಿದೆ ಅಂದ್ರೆ ಯಾರಾದರೂ ನಂಬ್ತಾರಾ?"

"ನೀವೇನೂ ಹೇಳಬೇಡಿ. ನಾನು ಹೇಳ್ತೀನಿ."

"ನೀನು ಹೇಳೋಕೆ ಹೋದರೆ ರಾಮಾಯಣ ಆಗುತ್ತೆ. ನನಗೆ ಸ್ವಲ್ಪ ಯೋಚನೆ ಮಾಡೋಕೆ ಬಿಡು. ಸರಿಯಾದ ಕಡೆಗೇ ಹೋಗಬೇಕು."

ಭಾನುವಾರವೆಲ್ಲ ಆ ಯೋಚನೆಯೇ ಆಯಿತು. ಮೇಸ್ತ್ರಿ ಬಾಲ್ಕನಿಯ ಬೆತ್ತದ ಕುರ್ಚಿಯಲ್ಲಿ ಫೋನು ಹಿಡಿದು ಕೂತರು. ಫಿಟ್ಟರನ್ನು ಕೇಳಿದರೆ, ಕಣ್ಣು ಕಪ್ಪಾಗುವುದು ಬಿಪಿಗೆ, ಹೃದಯದವರಿಗೆ ತೋರಿಸು ಅಂದ. ಒಂದು ಆಸ್ಪತ್ರೆಯ ಕಣ್ಣಿನ ವಿಭಾಗದ ಜಾಹೀರಾತು ನೋಡಿದರೆ ಪೊರೆಗೆ ಒಬ್ಬರು, ಕಣ್ಣಿನ ಹಿಂದಿನ ಪರದೆಗೆ ಒಬ್ಬರು, ಒತ್ತಡಕ್ಕೆ ಒಬ್ಬರು. ತಲೆಯೊಳಗೇ ಏನಾದರೂ ಬೆಳೆದು ಕಣ್ಣನ್ನು ಒತ್ತುತ್ತಿದ್ದರೆ ನರದವರು. ಅವರ ಹತ್ತಿರ ಗುರುವಾರ ಹೇಗೂ ಹೋಗುವುದಿದೆ. ಅಣ್ಣನಿಗೆ ಬಂದದ್ದು ತಲೆಗೂ ಹೋಗುತ್ತದಂತೆ. ಹಾಗಿದ್ದರೆ ಊರಾಚೆಯ ಆಸ್ಪತ್ರೆ. ಒಂದೊಂದು ಬಾಗಿಲಿನ ಮುಂದೂ ಮನಸ್ಸಿನಲ್ಲೇ ಹೋಗಿ ನಿಂತರು, ತಟ್ಟಲು ಕೈ ಎತ್ತಿದರು, ಇಳಿಸಿದರು. ಮಧ್ಯಾಹ್ನ ಇನ್ನೊಂದು ಸಲ ಕಣ್ಣಿಗೆ ಕಪ್ಪು ಬಂತು, ಹೋಯಿತು. ಟೀಚರಿಗೆ ಹೇಳಲಿಲ್ಲ. ಹೇಳಿದರೆ ಎಳೆದುಕೊಂಡು ಹೋಗುತ್ತಾಳೆ, ಎಲ್ಲಿಗೆ ಅಂತ ಇನ್ನೂ ತೀರ್ಮಾನವಾಗಿಲ್ಲ. ಟೀಚರ್ ಎರಡು ಸಲ ಬಂದು ಬಾಗಿಲ ಬಳಿ ನಿಂತು ನೋಡಿದರು. ಎರಡನೆಯ ಸಲ, "ಏನಾದರೂ ಹೇಳ್ರಿ" ಅಂದರು. ಮೇಸ್ತ್ರಿ ಎರಡು ಬೆರಳೆತ್ತಿ ಕತ್ತರಿ ಆಡಿಸಿದರು. ಸಂಜೆಯ ಹೊತ್ತಿಗೆ ಕಣ್ಣಿನ ಪರದೆಯವರು ಅಂತ ನಿಶ್ಚಯವಾಯಿತು, ಸೋಮವಾರ ಹತ್ತು ಗಂಟೆಗೆ.

ಸೋಮವಾರ ಎದ್ದಾಗ ಬಲಗಣ್ಣು ತೆರೆದೇ ಇತ್ತು, ಏನೂ ಕಾಣುತ್ತಿರಲಿಲ್ಲ. ಮೇಸ್ತ್ರಿ ಬೆರಳಿನಿಂದ ರೆಪ್ಪೆ ಮುಟ್ಟಿ ನೋಡಿದರು. ಕಪ್ಪು ಸರಿಯಲಿ ಅಂತ ಕಾದರು. ಬೀದಿಯಲ್ಲಿ ಒಂದಾದಮೇಲೊಂದು ಬಸ್ಸುಗಳು ಹೋದವು. ಅದು ಸರಿಯಲಿಲ್ಲ. "ಟೀಚರ್" ಅಂತ ಕೂಗಿದರು. ಆ ಕೂಗಿಗೆ ಟೀಚರ್ ಓಡಿ ಬಂದರು. ಮೂವತ್ತು ವರ್ಷದ ಸಂಸಾರದಲ್ಲಿ ಅವರು ಗಂಡನ ಬಾಯಲ್ಲಿ ಅಂಥ ದನಿ ಕೇಳಿರಲಿಲ್ಲ.

ಕಣ್ಣಿನ ಡಾಕ್ಟರು ಮಗಳ ವಯಸ್ಸಿನ ಹೆಣ್ಣುಮಗಳು. ಕತ್ತಲೆ ಕೋಣೆಯಲ್ಲಿ ದೀಪ ಹಿಡಿದು ಕಣ್ಣೊಳಗೆ ತುಂಬಾ ಹೊತ್ತು ನೋಡಿದರು. ಆಮೇಲೆ ದೀಪ ಆರಿಸಿ, ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು ಕೇಳಿದರು. "ತಲೆ ಬಾಚುವಾಗ ನೋಯುತ್ತಾ?"

ಮೇಸ್ತ್ರಿ ಬೆಚ್ಚಿಬಿದ್ದರು. "ಅದು... ಅದಕ್ಕೆ ನರದ ಡಾಕ್ಟ್ರು ನೋಡ್ತಿದ್ದಾರೆ."

"ಊಟ ಅಗಿಯುವಾಗ ದವಡೆ ಸೋತ ಹಾಗೆ ಆಗುತ್ತಾ?"

"ಅದನ್ನ ಹಲ್ಲಿನವರಿಗೆ ತೋರಿಸಿ ಆಯ್ತು. ತುಂಬಿಸಿದ್ದಾರೆ." ಕಣ್ಣಿನವರಿಗೆ ದವಡೆಯ ಸುದ್ದಿ ಹೇಗೆ ಗೊತ್ತಾಯಿತು?

"ಭುಜ, ಸೊಂಟ? ಬೆಳಿಗ್ಗೆ ಹಿಡಿದುಕೊಳ್ಳುತ್ತಾ?"

ಮೇಸ್ತ್ರಿ ಬಾಯಿ ತೆರೆದರು. ಇಷ್ಟು ದಿನ ಒಂದೊಂದು ಕಡೆ ಒಂದೊಂದನ್ನು ಹೇಳಿ ಹೇಳಿ, ಈಗ ಎಲ್ಲವನ್ನೂ ಒಟ್ಟಿಗೆ ಕೇಳಿದರೆ ಎಲ್ಲಿಂದ ಶುರು ಮಾಡಬೇಕು ಅಂತ ಅವರಿಗೆ ತಿಳಿಯಲಿಲ್ಲ. ಕಾಣುವ ಒಂದು ಕಣ್ಣಿನಿಂದ ಹೆಂಡತಿಯ ಕಡೆ ತಿರುಗಿ, "ನೀನು ಹೇಳು" ಅಂದರು.

ಟೀಚರ್ ಹೇಳಿದರು. ಮೊದಲಿನಿಂದ ಹೇಳಿದರು. ಬಲ ಭುಜ ಯಾವಾಗ ಹಿಡಿಯಿತು, ಎಡಕ್ಕೆ ಯಾವಾಗ ಬಂತು, ಬೆಳಿಗ್ಗೆ ಮಗ್ಗುಲು ಬದಲಿಸಲು ಹೇಗೆ ನರಳುತ್ತಾರೆ, ಮಧ್ಯಾಹ್ನಕ್ಕೆ ಹೇಗೆ ಸರಿಯಾಗುತ್ತಾರೆ. ಸಂಜೆ ಮೈ ಸ್ವಲ್ಪ ಬಿಸಿ ಇರುತ್ತದೆ, ಅವರಿಗೇ ಅದು ಗೊತ್ತಿಲ್ಲ. ಬೆಲ್ಟಿಗೆ ಹೊಸ ತೂತು ಹೊಡೆದಿದ್ದಾರೆ. ಸೇಬು ತಿನ್ನುವುದು ಬಿಟ್ಟಿದ್ದಾರೆ, ಯಾಕೆಂದರೆ ಅಗಿಯಲು ಆಗುವುದಿಲ್ಲ. ಟೋಪಿ ಹಾಕುವುದು ಬಿಟ್ಟಿದ್ದಾರೆ. ಹಿಂದಿನಿಂದ ಕರೆದರೆ ಕತ್ತು ಮಾತ್ರ ತಿರುಗಿಸುವುದಿಲ್ಲ, ಇಡೀ ಮೈ ತಿರುಗಿಸುತ್ತಾರೆ. ಶನಿವಾರ ಕಣ್ಣು ಕಪ್ಪಾಯಿತು. ನಿನ್ನೆಯೂ ಆಗಿರಬೇಕು, ಮಧ್ಯಾಹ್ನ ಕುರ್ಚಿಯ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು, ನನಗೆ ಹೇಳಲಿಲ್ಲ. ಮೇಸ್ತ್ರಿ ತಲೆ ತಗ್ಗಿಸಿ ಕೇಳುತ್ತಿದ್ದರು. ಯಾರೋ ಮೂರನೆಯವರ ಕಾಯಿಲೆಯ ಕಥೆ ಕೇಳಿದ ಹಾಗಿತ್ತು. ಒಟ್ಟಿಗೆ ಕೇಳಿದಾಗ ಅದು ಒಂದೇ ಕಾಯಿಲೆ ಅಂತ ಅವರಂಥವರಿಗೂ ಅನ್ನಿಸಿತು.

ಡಾಕ್ಟರು ಮಧ್ಯೆ ಒಂದು ಮಾತೂ ಆಡಲಿಲ್ಲ. ಟೀಚರ್ ಮುಗಿಸಿದ ಕೂಡಲೇ ಫೋನು ಎತ್ತಿ, ಮೂರನೆಯ ಮಹಡಿಯ ಕೀಲುವಾತದ ಡಾಕ್ಟರಿಗೆ ತಾವೇ ಹೇಳಿದರು. ಗಾಲಿಕುರ್ಚಿ ಬಂತು. "ನಡೀತೀನಿ" ಅಂದ ಮೇಸ್ತ್ರಿಯ ಮಾತು ಯಾರ ಕಿವಿಗೂ ಬೀಳಲಿಲ್ಲ.

ಕೀಲುವಾತದ ಡಾಕ್ಟರು ಎಂಬುವರು ಇದ್ದಾರೆ ಅಂತಲೇ ಮೇಸ್ತ್ರಿಗೆ ಗೊತ್ತಿರಲಿಲ್ಲ. ಫಿಟ್ಟರಿಗೂ ಗೊತ್ತಿರಲಿಲ್ಲ. ಅವರು ನಡುವಯಸ್ಸಿನ ಶಾಂತ ಮನುಷ್ಯ. ಕಣತಲೆಯ ಮೇಲೆ ಬೆರಳಿಟ್ಟು ನೋಡಿದರು, ರಕ್ತ ತೆಗೆಸಿದರು, ವರದಿಗೆ ಕಾಯದೆ ರಕ್ತನಾಳಕ್ಕೆ ಔಷಧಿ ಹಾಕಿಸಿದರು. ತಲೆಗೆ, ದವಡೆಗೆ, ಕಣ್ಣಿಗೆ ರಕ್ತ ಒಯ್ಯುವ ನಾಳಗಳು ಉರಿ ಬಂದು ಊದಿಕೊಂಡಿವೆ ಅಂದರು. ಭುಜ ಸೊಂಟದ ಹಿಡಿತವೂ ಅದರ ಜೊತೆಯದೇ. ಸ್ಟಿರಾಯ್ಡ್ ಕೊಟ್ಟರೆ ಇಳಿಯುತ್ತದೆ. ಆಮೇಲೆ ನಾಳದ ಚೂರೊಂದನ್ನು ತೆಗೆದು ಖಚಿತ ಮಾಡಿಕೊಳ್ಳುತ್ತೇವೆ, ಆದರೆ ಅದಕ್ಕಾಗಿ ಈಗ ಕಾಯುವ ಹಾಗಿಲ್ಲ. ಕಾದರೆ ಎಡಗಣ್ಣೂ ಹೋಗಬಹುದು.

ಮೇಸ್ತ್ರಿಗೆ ಅದರಲ್ಲಿ ಅರ್ಧ ಕೇಳಿಸಿತು, ಅರ್ಧ ಕೇಳಿಸಲಿಲ್ಲ. ಕೈಗೆ ಹಾಕಿದ ಕೊಳವೆ ನೋಡುತ್ತ, ಇಷ್ಟು ದಿನ ನಾಲಿಗೆಯ ತುದಿಗೆ ಬಂದರೂ ಯಾರನ್ನೂ ಕೇಳದೆ ಇದ್ದದ್ದನ್ನು ಕೇಳಿಬಿಟ್ಟರು. "ನಮ್ಮಣ್ಣನಿಗೆ ಮೂಳೆಯಲ್ಲಿ ಬಂದಿತ್ತು. ಭುಜದಿಂದ ಶುರುವಾಗಿ ಎಲ್ಲ ಕಡೆ. ಇದು ಅದೇನಾ?"

"ಅಲ್ಲ" ಅಂದರು ಡಾಕ್ಟರು. "ಇದು ಅದಲ್ಲ. ಇದಕ್ಕೆ ಔಷಧಿ ಇದೆ."

ಮೇಸ್ತ್ರಿ ಅತ್ತರು. ದಾದಿಯ ಎದುರಿಗೆ, ಪಕ್ಕದ ಹಾಸಿಗೆಯವರ ಎದುರಿಗೆ, ನಾಚಿಕೆ ಬಿಟ್ಟು ಬಿಕ್ಕಿ ಬಿಕ್ಕಿ ಅತ್ತರು. ಟೀಚರೂ ಅತ್ತರು.

ಮಾರನೆಯ ಬೆಳಿಗ್ಗೆ ಆಸ್ಪತ್ರೆಯ ಹಾಸಿಗೆಯಲ್ಲಿ ಎಚ್ಚರವಾದಾಗ ಮೇಸ್ತ್ರಿ ಯಾರ ಕೈಯೂ ಹಿಡಿಯದೆ ಎದ್ದು ಕೂತಿದ್ದರು. ಕೂತ ಮೇಲೆಯೇ ಅವರಿಗೆ ಅದು ಗೊತ್ತಾದದ್ದು. ಬಲಗೈ ಎತ್ತಿದರು, ಅದು ಮೇಲಕ್ಕೆ ಹೋಯಿತು. ಎಡಗೈಯೂ ಹೋಯಿತು. ಸೊಂಟ ತಿರುಗಿಸಿದರು, ನೋವು ಇರಬೇಕಾದ ಜಾಗಗಳನ್ನೆಲ್ಲ ಒಂದೊಂದಾಗಿ ಹುಡುಕಿದರು. ಎಲ್ಲೂ ಸಿಗಲಿಲ್ಲ. ಎರಡೂ ಕೈ ಮೇಲೆತ್ತಿ ಕೂತ ಗಂಡನನ್ನು ನೋಡಿ ಟೀಚರಿಗೆ ನಗು ಬಂತು, "ಯಾರಾದರೂ ಪಿಸ್ತೂಲು ತೋರಿಸಿದ್ರಾ?" ಅಂದರು. ಮೇಸ್ತ್ರಿಯೂ ನಕ್ಕರು. ಆಮೇಲೆ ಎತ್ತಿದ ಎಡಗೈ ಇಳಿಸಿ, ಅಂಗೈಯಿಂದ ಎಡಗಣ್ಣು ಮುಚ್ಚಿಕೊಂಡರು. ನಗು ಅಲ್ಲಿಗೆ ನಿಂತಿತು.

ಡಾಕ್ಟರು ಬಂದಾಗ ಅವರು ಕೇಳಿದರು. "ಇದು ವಾಪಸ್ಸು ಬರುತ್ತಾ?"

"ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ. ಎಡಗಣ್ಣು ಉಳಿಯುತ್ತೆ. ಸಮಯಕ್ಕೆ ಬಂದ್ರಿ."

"ಶನಿವಾರವೇ ಬಂದಿದ್ದರೆ?"

ಡಾಕ್ಟರು ಟೀಚರ ಮುಖ ನೋಡಿದರು, ಮತ್ತೆ ಮೇಸ್ತ್ರಿಯನ್ನು ನೋಡಿದರು. ಸುಳ್ಳು ಹೇಳಬೇಕೋ ಬೇಡವೋ ಅಂತ ಯೋಚಿಸಿದ ಹಾಗಿತ್ತು. "ಶನಿವಾರ ಬಂದಿದ್ದರೆ ಎರಡೂ ಉಳೀಬಹುದಿತ್ತು" ಅಂದರು.

ಡಾಕ್ಟರು ಹೊರಟುಹೋದರು. ಟೀಚರ್ ಹಾಸಿಗೆಯ ಬಲಗಡೆ ಸ್ಟೂಲಿನ ಮೇಲೆ ಕೂತು ಲೋಟಕ್ಕೆ ನೀರು ಬಗ್ಗಿಸುತ್ತಿದ್ದರು. ಮೇಸ್ತ್ರಿಗೆ ಆ ನೀರಿನ ಸದ್ದು ಕೇಳಿಸುತ್ತಿತ್ತು, ಅವರು ಕಾಣುತ್ತಿರಲಿಲ್ಲ.

"ಭಾನುವಾರ ಪೂರ್ತಿ ಕೂತು ಯೋಚನೆ ಮಾಡಿದೆ" ಅಂದರು ಮೇಸ್ತ್ರಿ, ಎದುರಿನ ಗೋಡೆಗೆ ಹೇಳುವ ಹಾಗೆ. "ಯಾರ ಹತ್ರ ಹೋಗಬೇಕು, ಯಾರಿಗೆ ಹೇಳಬೇಕು ಅಂತ. ನೀನು ಬಾಗಿಲಲ್ಲೇ ನಿಂತಿದ್ದೆ. ನಿನಗೆ ಹೇಳಿದ್ದರೆ ಸಾಕಿತ್ತು ಅಂತ ತೋಚಲೇ ಇಲ್ಲ."

ನೀರಿನ ಸದ್ದು ನಿಂತಿತು. ಟೀಚರ್ ಲೋಟ ಕೆಳಗಿಟ್ಟು, ಸ್ಟೂಲು ಎತ್ತಿಕೊಂಡು, ಹಾಸಿಗೆಯನ್ನು ಸುತ್ತಿ ಬಂದು ಎಡಗಡೆ ಕೂತರು.